ಮೀನಿಗಿಂತ ಮುಂಚಿನ ಸಾಲು

ನಮ್ಮ ತಾತ ಜಾಖೋ ಎಂಬ ಊರಿನಿಂದ ಯೆರೂಸಲೇಮಿಗೆ ಬಂದ ಮೇಲೆ ಹಮಾಲಿ ಮಾಡುತ್ತಿದ್ದ. ಒಮ್ಮೆ ಯಾಫಾ ರಸ್ತೆಯ ಏರಿನಲ್ಲಿ ಪಿಯಾನೋ ಒಂದನ್ನು ಬೆನ್ನ ಮೇಲೆ ಹೊತ್ತು ಹತ್ತಿದ. ಮೇಲೆ ಹೋಗಿ ಇಳಿಸಿದಾಗಲೇ ಗೊತ್ತಾದದ್ದು, ಬಾರಿಸುವವನು ಅದರ ಮೇಲೇ ಕೂತು ಇನ್ನೂ ಬಾರಿಸುತ್ತಿದ್ದನೆಂದು. ಇಳಿದವನು ನೀರು ಕೇಳಿದನಂತೆ, ಆಯಾಸವಾಗಿದೆ ಎಂದು.

ಇದನ್ನು ಮೊದಲೇ ಹೇಳಿಬಿಟ್ಟದ್ದು ಯಾಕೆಂದರೆ, ನಾನು ಕಥೆ ಕಟ್ಟುವವನೆಂದು ಓಣಿಯಲ್ಲಿ ಹೆಸರಾಗಿದ್ದೇನೆ. ನಾನು ರಿಪೇರಿ ಮಾಡಿದ ಫ್ರಿಜ್ಜಿನಲ್ಲಿಟ್ಟ ಮೊಟ್ಟೆಯಿಂದ ಕೋಟು ಹಾಕಿಕೊಂಡ ಮರಿ ಹೊರಬಂತು ಎಂದು ಹೇಳಿದವನೂ ನಾನೇ. ಆದರೆ ಈಗ ಹೇಳುವುದರಲ್ಲಿ ಏನನ್ನೂ ಸೇರಿಸಿಲ್ಲ. ಸೇರಿಸಿದ್ದರೆ ಇದರಲ್ಲಿ ನಾನು ಸ್ವಲ್ಪ ಒಳ್ಳೆಯವನಾಗಿ ಕಾಣುತ್ತಿದ್ದೆ.

ನನ್ನ ಹೆಸರು ಶಬ್ತೋ. ವಾರದ ದಿನ ಫ್ರಿಜ್ಜು ರಿಪೇರಿ. ಶನಿವಾರದ ಶಬ್ಬಾತಿನಲ್ಲಿ, ಹಬ್ಬಗಳಲ್ಲಿ ನಮ್ಮ ಜಾಖೋ ಯಹೂದಿಗಳ ಪ್ರಾರ್ಥನಾ ಮಂದಿರದ ಗಬ್ಬಾಯಿ. ಅಂದರೆ ಬಾಗಿಲು ತೆಗೆಯುವುದು, ಜಗಳ ಬಿಡಿಸುವುದು, ನಮ್ಮ ಧರ್ಮಗ್ರಂಥ ತೋರಾದ ಸುರುಳಿ ಬಿಚ್ಚಿದಾಗ ಯಾರ ಹೆಸರು ಕೂಗಬೇಕೆಂದು ತೀರ್ಮಾನಿಸುವುದು. ಸುರುಳಿ ಓದುವವನೂ ನಾನೇ. ಕರೆಸಿಕೊಂಡವನು ಪಕ್ಕದಲ್ಲಿ ನಿಂತು ಮೊದಲೊಂದು, ಕೊನೆಗೊಂದು ಮಂತ್ರ ಹೇಳುತ್ತಾನೆ. ನಡುವೆ ನಾನು ಬೆಳ್ಳಿಯ ಕಡ್ಡಿ ಹಿಡಿದು ಅವನ ಪರವಾಗಿ ಓದುತ್ತೇನೆ. ಕರೆದರೆ ಬರುವುದಿಲ್ಲ ಎನ್ನುವಂತಿಲ್ಲ. ತೋರಾ ಕರೆದಾಗ ಬೆನ್ನು ತಿರುಗಿಸಿದವನ ಆಯಸ್ಸು ಕಡಿಮೆಯಾಗುತ್ತದೆಂದು ಹಿರಿಯರು ಹೇಳಿದ್ದಾರೆ.

ಯೋಮ್ ಕಿಪ್ಪುರ್, ನಮ್ಮ ದೊಡ್ಡ ಉಪವಾಸ. ಆ ದಿನ ಮಧ್ಯಾಹ್ನ ಮೂವರನ್ನು ಕರೆಯುತ್ತೇವೆ. ಆಗ ಓದುವುದು ಯಾರು ಯಾರ ಜೊತೆ ಮಲಗಬಾರದು ಎನ್ನುವ ಪಟ್ಟಿ: ತಾಯಿ, ತಂಗಿ, ಚಿಕ್ಕಮ್ಮ, ಸೊಸೆ, ಹೀಗೆ ಉದ್ದಕ್ಕೆ. ಬೆಳಗಿನಿಂದ ಹೊಟ್ಟೆಗಿಲ್ಲದ ಜನ ಅಷ್ಟು ಹೊತ್ತಿಗೆ ಲವಂಗ ಚುಚ್ಚಿದ ಹಣ್ಣು ಮೂಸುತ್ತ, ಕಾಮಕಸ್ತೂರಿ ಉಜ್ಜಿಕೊಳ್ಳುತ್ತ ತೂಕಡಿಸುತ್ತಿರುತ್ತಾರೆ. ಯಾರ ಚಿಕ್ಕಮ್ಮನೂ ಯಾರ ನೆನಪಿಗೂ ಬರುವುದಿಲ್ಲ. ಎಲ್ಲರೂ ಕಾಯುವುದು ಮೂರನೆಯವನಿಗಾಗಿ. ಏಕೆಂದರೆ ಮೂರನೆಯವನೇ ಆಮೇಲೆ ದೇವರಿಂದ ತಪ್ಪಿಸಿಕೊಳ್ಳಲು ಹೋಗಿ ಮೀನಿನ ಹೊಟ್ಟೆ ಸೇರಿದ ಪ್ರವಾದಿಯ ಕಥೆಯನ್ನು ಹಾಡುತ್ತಾನೆ. ವರ್ಷದಲ್ಲಿ ಅದಕ್ಕಿಂತ ದೊಡ್ಡ ಗೌರವ ಇಲ್ಲ. ನಾವು ಅದಕ್ಕೆ ಸುಮ್ಮನೆ ‘ಮೀನು’ ಎನ್ನುತ್ತೇವೆ. ಈ ಸಲ ಮೀನು ಯಾರಿಗೆ ಎಂದು ಬೇಸಿಗೆಯಿಂದಲೇ ಪಿಸುಮಾತು ಶುರುವಾಗುತ್ತದೆ.

ಮೂವತ್ತೊಂದು ವರ್ಷ ಮೀನು ಬಡಗಿ ಹನನ್ಯಾ ಅವರದಾಗಿತ್ತು. ಒಂದೊಂದು ಸಾಲನ್ನೂ ಮೊದಲು ಪವಿತ್ರ ಭಾಷೆಯಲ್ಲಿ ಹಾಡಿ, ಆಮೇಲೆ ಜಾಖೋದ ನಮ್ಮ ಹಳೆಯ ಮಾತಿನಲ್ಲಿ ಹಾಡುತ್ತಿದ್ದರು. ಮೇಲಿನ ಅಟ್ಟದಲ್ಲಿ ಹೆಂಗಸರು ಅಳುತ್ತಿದ್ದರು. ಹನನ್ಯಾ ತೀರಿಕೊಂಡ ವರ್ಷ ಅದನ್ನು ಆ ಮಾತಿನಲ್ಲಿ ಹಾಡಬಲ್ಲವನು ಇಡೀ ಊರಿನಲ್ಲಿ ಒಬ್ಬನೇ ಉಳಿದಿದ್ದ, ಅವರ ಮಗ ಅಝರ್ಯಾ. ಯೋಚಿಸುವುದೇ ಬೇಡವಾಗಿತ್ತು. ಹಾಗಾಗಿ ನಾನು ಯೋಚಿಸಲೇ ಇಲ್ಲ.

ಅಝರ್ಯಾ ಆಸ್ಪತ್ರೆಯಲ್ಲಿ ನರ್ಸು. ನನ್ನ ಅಮ್ಮನ ಕೊನೆಯ ಮೂರು ವಾರ ಅವಳಿಗೆ ಚಮಚದಲ್ಲಿ ನೀರು ಕುಡಿಸಿದವನು. ಒಂಬತ್ತು ವರ್ಷದ ಹಿಂದೆ ಅವನ ಮನೆಯ ಫ್ರಿಜ್ಜು ಕೆಟ್ಟಿತ್ತು, ನೋಡಲು ಹೋಗಿದ್ದೆ. ಊರಿನ ಆಚೆ ತುದಿಯ ಪುಟ್ಟ ಮನೆ. ಶಾಲೆಯಲ್ಲಿ ಗಣಿತ ಹೇಳಿಕೊಡುವ ನದಾವ್ ಎಂಬವನ ಜೊತೆ ಬಾಡಿಗೆ ಹಂಚಿಕೊಂಡಿದ್ದಾನೆಂದು ಓಣಿಗೆಲ್ಲ ಗೊತ್ತಿತ್ತು. ಫ್ರಿಜ್ಜು ಎಳೆದಾಗ ಅದು ತಾಗಿ ಪಕ್ಕದ ಕೋಣೆಯ ಬಾಗಿಲು ತೆರೆದುಕೊಂಡಿತು. ಒಂದೇ ಕೋಣೆ, ಒಂದೇ ಮಂಚ, ಮಂಚದ ಆಚೆ ಈಚೆ ಒಂದೊಂದು ಜೊತೆ ಚಪ್ಪಲಿ.

ಅಝರ್ಯಾ ಚಹಾದ ಲೋಟ ಹಿಡಿದು ನಿಂತಿದ್ದ. “ಶಬ್ತೋ ಮಾಮ, ನೋಡಿದ್ದು ನೋಡಿಬಿಟ್ರಿ,” ಎಂದ.

“ನಾನು ನೋಡಿದ್ದು ಕಂಪ್ರೆಸರ್ ಕಣೋ. ಅದು ಹೋಗಿದೆ.”

ಇಬ್ಬರೂ ಚಹಾ ಕುಡಿದೆವು. ಅಷ್ಟೆ. ಒಂಬತ್ತು ವರ್ಷ ಇದನ್ನು ನಾನು ಯಾರಿಗೂ ಹೇಳಲಿಲ್ಲ, ನನ್ನ ಹೆಂಡತಿ ನಾಜೀಗೂ ಹೇಳಲಿಲ್ಲ. ಶಬ್ತೋ ಒಂದು ಮಾತನ್ನು ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಎಂದರೆ ನಮ್ಮ ಓಣಿಯವರು ಪಿಯಾನೋವನ್ನಾದರೂ ನಂಬಿಯಾರು, ಇದನ್ನು ನಂಬರು. ಒಳಗೊಳಗೇ ನನಗೆ ಇದರ ಬಗ್ಗೆ ಜಂಬ ಇತ್ತು.

ಆ ಮಧ್ಯಾಹ್ನ ಮೊದಲಿಬ್ಬರದು ಮುಗಿಯಿತು. “ಅಝರ್ಯಾ ಬೆನ್ ಹನನ್ಯಾ” ಎಂದು ಕೂಗಿದೆ. ಬಿಳಿ ಬಟ್ಟೆ ತೊಟ್ಟು, ಅಪ್ಪನ ಹಳೆಯ ಶಾಲು ಹೊದ್ದು ಬಂದ. ಮೇಲೆ ಅವನ ತಾಯಿ ಸಾಬಿಹಾ ವಿಧವೆಯಾದ ಮೇಲೆ ಮೊದಲ ಸಲ ಕಟಕಟೆಗೆ ಒರಗಿ ಕೂತಿದ್ದಳು. ಅವನು ಮಂತ್ರ ಹೇಳಿದ, ಎಲ್ಲರೂ ಆಮೆನ್ ಎಂದರು. ನಾನು ಕಡ್ಡಿಯನ್ನು ಮೂರನೆಯ ಭಾಗದ ಮೊದಲ ಪದದ ಮೇಲೆ ಇಟ್ಟೆ.

ಮೂವತ್ತೊಂದು ವರ್ಷ ಓದಿದ್ದೇನೆ. ಮೂರನೆಯ ಭಾಗ ಅಂದರೆ ನನಗೆ ಮೀನು ಬರುವ ಮುಂಚಿನ ಒಂಬತ್ತು ಸಾಲು, ಅಷ್ಟೆ. ಆ ಒಂಬತ್ತರಲ್ಲಿ ಮೊದಲನೆಯದು ಯಾವುದೆಂದು ಕಡ್ಡಿ ಮುಟ್ಟಿದಾಗಲೇ ಕಂಡದ್ದು. ಗಂಡಸು ಹೆಂಗಸಿನ ಜೊತೆ ಮಲಗುವ ಹಾಗೆ ಗಂಡಸಿನ ಜೊತೆ ಮಲಗಬಾರದು, ಅದು ಹೇಯ ಎನ್ನುವ ಸಾಲು. ಮಗನಿಗೆ ಅಪ್ಪನ ಗೌರವ ಕೊಡುತ್ತೇನೆಂದು ಉಬ್ಬಿಕೊಂಡು, ಅವನನ್ನು ಊರೆದುರು ತಂದು ಈ ಸಾಲಿನ ಮುಂದೆ ನಿಲ್ಲಿಸಿದ್ದೆ.

ಅವನಿಗೆ ಕೇಳಿಸದ ಹಾಗೆ ಓದೋಣ ಎನ್ನಿಸಿತು. ಎರಡು ಪದ ನುಂಗಿದೆ.

ನಮ್ಮ ಮುದುಕ ಗವ್ರಿಯೇಲನಿಗೆ ಎರಡು ಕಿವಿಯೂ ಕೇಳಿಸುವುದಿಲ್ಲ. ಅಂಬುಲೆನ್ಸು ಅವನ ಬೆನ್ನಿಗೆ ಬಂದು ಕೂಗಿದರೂ ಜಪ ಮಾಡುತ್ತ ನಡೆಯುತ್ತಾನೆ. ಆದರೆ ತೋರಾ ಓದುವಾಗ ಒಂದು ಪದ ಜಾರಿದರೆ ಅವನು ದೂರದ ತಿಬೇರಿಯಾ ಊರಿನಲ್ಲಿದ್ದರೂ ಕೇಳಿಸುತ್ತದೆ. ಮೇಜು ಕುಟ್ಟಿ “ಮತ್ತೆ” ಎಂದ. ಅವನದು ತಪ್ಪಲ್ಲ. ಪದ ನುಂಗಿದರೆ ಇಡೀ ಮಂದಿರದ ಓದು ಕೆಡುತ್ತದೆ, ಆ ಸಾಲನ್ನು ಮತ್ತೆ ಮೊದಲಿನಿಂದ ಓದಬೇಕು. ಓದಿದೆ. ಈ ಸಲ ಅವಸರ ಮಾಡಿ ಒಂದು ಪದವನ್ನು ತಪ್ಪಾಗಿ ಹೇಳಿದೆ. ಗವ್ರಿಯೇಲನ ಜೊತೆ ಇನ್ನೂ ನಾಲ್ಕು ಜನ ಮೇಜು ಕುಟ್ಟಿದರು. ತೂಕಡಿಸುತ್ತಿದ್ದವರು ಎದ್ದು ಕೂತರು. ಅಟ್ಟದಲ್ಲಿ ಬೀಸಣಿಗೆಗಳು ನಿಂತವು. ಮೂರನೆಯ ಸಲ ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ, ಸ್ಪಷ್ಟವಾಗಿ ಓದಿದೆ. ಓದುತ್ತ ನಡುವೆ ತಲೆ ಎತ್ತಿ ಅಝರ್ಯಾನ ಮುಖ ನೋಡಿದೆ.

ಅದೊಂದನ್ನು ಮಾಡಬಾರದಿತ್ತು. ನನ್ನ ಕಣ್ಣು ಹೋದ ಕಡೆ ಎಲ್ಲರ ಕಣ್ಣೂ ಹೋಯಿತು.

ಅವನು ಕೊನೆಯ ಮಂತ್ರ ಹೇಳಿದ. ಮೀನನ್ನು ಪವಿತ್ರ ಭಾಷೆಯಲ್ಲಿ ಮಾತ್ರ, ಒಂದೇ ಏಟಿಗೆ, ರಾಗವಿಲ್ಲದೆ ಮುಗಿಸಿದ. ಶಾಲು ಮಡಿಚಿ ಕಂಕುಳಲ್ಲಿಟ್ಟು ಹೊರಗೆ ನಡೆದ.

ಮಧ್ಯಾಹ್ನದ ಪ್ರಾರ್ಥನೆ ಮುಗಿದು, ಕೊನೆಯ ಪ್ರಾರ್ಥನೆ ಶುರುವಾಗುವ ಮುಂಚೆ ಸ್ವಲ್ಪ ಬಿಡುವಿತ್ತು. ಸ್ವರ್ಗದ ಬಾಗಿಲು ಮುಚ್ಚುವ ಹೊತ್ತಿನ ಪ್ರಾರ್ಥನೆ ಅದು. ಕೇಳಬೇಕಾದ ಕ್ಷಮೆಯನ್ನು ಅಷ್ಟರೊಳಗೆ ಕೇಳಿ ಮುಗಿಸಬೇಕು. ನಾಜೀ ಅಟ್ಟದಿಂದ ಇಳಿದು ಬಂದು ಬಾಗಿಲ ಬಳಿ ನಿಂತಳು.

“ಮೂವತ್ತೊಂದು ವರ್ಷ ನಿಮ್ಮ ಗಂಟಲಿಗೆ ಒಂದು ಮುಳ್ಳೂ ಸಿಕ್ಕಿರ್ಲಿಲ್ಲ. ಇವತ್ತು ಊಟಾನೂ ಮಾಡ್ದೆ ಹೇಗೆ ಸಿಕ್ತು?” ಎಂದಳು.

ಬಾಯಿ ಒಣಗಿತ್ತು ಎಂದೆ. ಒಣಗಿದ ಬಾಯಿ ಅಷ್ಟು ಮಾತಾಡಲ್ಲ ಎಂದು ಹೇಳಿ, ಮೇಲೆ ಎಲ್ಲರೂ ಸಾಬಿಹಾಳ ಕಡೆ ನೋಡದೇ ಇರಲು ಎಷ್ಟು ಕಷ್ಟಪಡುತ್ತಿದ್ದಾರೆಂದರೆ ಅದಕ್ಕಿಂತ ನೋಡುವುದೇ ವಾಸಿ ಎಂದು ತಿಳಿಸಿ ಹೋದಳು.

ನಾನು ಹಖಾಮ್ ಅಲ್ವಾನ್ ಅವರ ಹತ್ತಿರ ಹೋದೆ. ನಮ್ಮ ಗುರುಗಳು, ಎಂಬತ್ತಮೂರು ವರ್ಷ. ನಡೆದದ್ದನ್ನು ಅವರೇ ಕಂಡಿದ್ದರು. ನಾನು ಕೇಳಿದ್ದು ಧರ್ಮದ ಪ್ರಶ್ನೆ: ಆ ಸಾಲಿನ ಪ್ರಕಾರ ನಡೆಯದವನನ್ನು ಆ ಸಾಲಿಗೇ ಕರೆದದ್ದು ತಪ್ಪೇ ಎಂದು. ಒಳಗೊಳಗೇ ತಪ್ಪನ್ನು ಅವನ ಕಡೆ ಸ್ವಲ್ಪ ತಳ್ಳಬಹುದೋ ಎಂದು ನೋಡುತ್ತಿದ್ದೆ.

ಹಖಾಮ್ ಹೇಳಿದರು: “ಸಾಲು ಸಾಲೇ. ಅದನ್ನ ನಾನು ಬರೆದಿಲ್ಲ, ನಾನು ಅಳಿಸೋಕೂ ಆಗಲ್ಲ. ನಿಷೇಧ ಅಂದ್ರೆ ನಿಷೇಧ. ಆದ್ರೆ ಅದು ಒಂದು ಕೆಲಸಕ್ಕೆ ಹೇಳಿದ್ದು ಶಬ್ತೋ, ಒಬ್ಬ ಮನುಷ್ಯನ ಮುಖಕ್ಕೆ ಹೇಳಿದ್ದಲ್ಲ. ಯಾರ ಮನೇಲಿ ಏನು ಅಂತ ಇಣುಕಿ ನೋಡು ಅಂತ ಗಬ್ಬಾಯಿಗೆ ಎಲ್ಲೂ ಹೇಳಿಲ್ಲ. ಪಾಪ ಇಲ್ಲದವರನ್ನೇ ಕರೀಬೇಕು ಅಂದ್ರೆ ಸುರುಳಿ ಕಪಾಟಲ್ಲೇ ಇರತ್ತೆ, ಇಲಿ ಓದತ್ತೆ. ನಿನ್ನೆ ಸಂಜೆ ಶುರು ಮಾಡುವಾಗ ಏನಂದ್ವಿ? ತಪ್ಪು ಮಾಡಿದವರ ಜೊತೆ ಸೇರಿ ಪ್ರಾರ್ಥಿಸೋಕೆ ಅನುಮತಿ ಇದೆ ಅಂತ. ಆ ಅನುಮತಿ ಇಲ್ದಿದ್ರೆ ನೀನೂ ಹೊರಗೇ ನಿಂತಿರ್ತಿದ್ದೆ.”

“ಹಾಗಾದ್ರೆ ನಾನು ಮಾಡಿದ್ದು?”

“ನಾಲ್ಕು ಜನರೆದುರು ಒಬ್ಬನ ಮುಖ ಬಿಳಿಚಿಸೋದು ರಕ್ತ ಸುರಿಸಿದ ಹಾಗೆ. ಅವನ ಆ ಸಾಲಿನ ಮಾತು ಅವನಿಗೂ ದೇವರಿಗೂ ಬಿಟ್ಟಿದ್ದು. ನಿನ್ನದನ್ನ ದೇವರೂ ಕ್ಷಮಿಸೋಕಾಗಲ್ಲ, ಅವನೇ ಕ್ಷಮಿಸ್ಬೇಕು. ನಾಲ್ಕು ಜನರೆದುರು ಮಾಡಿದ್ದಕ್ಕೆ ನಾಲ್ಕು ಜನರೆದುರೇ ಕ್ಷಮೆ ಕೇಳ್ಬೇಕು ಅಂತಿದೆ. ನೀನು ಮಾತ್ರ ಅದನ್ನ ಮಾಡ್ಬೇಡ. ನೀನು ಬಾಯಿ ಬಿಟ್ರೆ ಉಳಿದಿದ್ದೂ ಹೋಗತ್ತೆ. ಒಬ್ಬನೇ ಹೋಗು.”

ಅಝರ್ಯಾ ಓಣಿಯ ತಿರುವಿನ ಮೆಟ್ಟಿಲ ಮೇಲೆ ಕೂತಿದ್ದ. ಉಪವಾಸದ ದಿನವೆಂದು ವಾಹನವಿಲ್ಲದ ರಸ್ತೆಯಲ್ಲಿ ಸೈಕಲ್ಲುಗಳು ಮಾತ್ರ ಓಡುತ್ತಿದ್ದವು. ನಾನು ಎದುರು ನಿಂತು ಕ್ಷಮಿಸು ಎಂದೆ. ಅವನು ಸೈಕಲ್ಲುಗಳನ್ನೇ ನೋಡುತ್ತಿದ್ದ. ನಮ್ಮ ಕಟ್ಟಳೆಯಲ್ಲಿ ಮೂರು ಸಲ ಕೇಳಬೇಕು; ಮೂರು ಸಲ ಕೇಳಿಯೂ ಕೊಡದಿದ್ದರೆ ಕೇಳಿದವನ ಭಾರ ಇಳಿಯಿತು. ಅದಕ್ಕೆ ಇನ್ನೆರಡು ಸಲ ಕ್ಷಮಿಸು, ಕ್ಷಮಿಸು ಎಂದೆ.

“ಒಂದೇ ಉಸಿರಲ್ಲಿ ಕೇಳಿದ್ದು ಒಂದೇ ಸಲ, ಮಾಮ.”

ನಾನು ಪಕ್ಕದಲ್ಲಿ ಕೂತೆ. ಬೇಕೆಂದು ಮಾಡಿದ್ದಲ್ಲ, ಆ ಸಾಲು ಅಲ್ಲಿರುವುದು ಮರೆತೇ ಹೋಗಿತ್ತು, ಕಂಡಾಗ ನಿನ್ನ ಮೇಲೆ ಕನಿಕರ ಬಂತು, ಅದಕ್ಕೇ ನುಂಗಿದೆ ಎಂದೆಲ್ಲ ವಿವರಿಸಿದೆ. ಕನಿಕರ ಎನ್ನುವ ಮಾತಿಗೆ ಅವನು ಮೊದಲ ಸಲ ನನ್ನ ಕಡೆ ತಿರುಗಿದ.

“ಆ ಸಾಲು ಅಲ್ಲಿದೆ ಅಂತ ನನಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ರಾ? ಹದಿಮೂರನೇ ವಯಸ್ಸಿಂದ ನನಗೆ ಅದು ಬಾಯಿಪಾಠ. ನೀವು ಕರೀತೀರ ಅಂತ ಗೊತ್ತಾದ ದಿನವೇ ತಯಾರಾಗಿದ್ದೆ. ಅಪ್ಪನ ಮೀನಿಗೋಸ್ಕರ ಅದರ ಮುಂದೆ ನಿಲ್ತೀನಿ ಅಂತ. ನೀವು ನೆಟ್ಟಗೆ ಓದಿದ್ರೆ ಯಾರು ತಲೆ ಎತ್ತಿರೋರು? ಎಲ್ಲರೂ ನಿದ್ದೆ ಮಾಡ್ತಿದ್ರು. ನಾನು ಅಳುಕಲಿಲ್ಲ ಮಾಮ, ಅಳುಕಿದ್ದು ನೀವು.”

ಅವನು ಮಂದಿರದ ಕಡೆ ಕೈ ತೋರಿಸಿದ.

“ಅಮ್ಮ ಅಟ್ಟದ ಮೆಟ್ಟಿಲ ಹತ್ರ ನಿಲ್ಲಿಸಿ ಕೇಳಿದ್ಲು, ನಿಜವಾ ಅಂತ. ಇವತ್ತಿನ ದಿನ ಸುಳ್ಳು ಹೇಳೋಕಾಗತ್ತಾ?”

“ಏನಂದ್ರು?”

“ವಾಪಸ್ ಮೇಲೆ ಹೋದ್ಲು.”

ಒಳಗೆ ಹಖಾಮ್ ಮೇಜು ತಟ್ಟಿದ್ದು ಕೇಳಿಸಿತು. ನಾನು ಎದ್ದು, ಈ ಸಲ ಕಥೆಯಿಲ್ಲದೆ ಕೇಳಿದೆ: ಒಂಬತ್ತು ವರ್ಷ ಕಾಪಾಡಿದ್ದನ್ನು ಒಂದು ನೋಟದಲ್ಲಿ ಚೆಲ್ಲಿದೆ, ನಿನ್ನ ತಾಯಿಯ ಎದುರು ಚೆಲ್ಲಿದೆ, ಕ್ಷಮಿಸು.

“ಇದು ಎರಡನೇದು,” ಎಂದ. “ಇವತ್ತು ನನ್ನ ಕೈಲಿ ಆಗಲ್ಲ. ಸುಮ್ನೆ ಬಾಯಲ್ಲಿ ಹೇಳಿದ್ರೆ ಅದೂ ಸುಳ್ಳೇ. ಮೂರನೇದನ್ನ ಮುಂದಿನ ವರ್ಷ ಕೇಳಿ. ನನ್ನನ್ನ ಅಲ್ಲಿಗೇ ಕರೀರಿ, ಅದೇ ಸಾಲಿಗೆ. ನಮ್ಮಪ್ಪ ನಿಂತಾಗ ಹೇಗೆ ಓದ್ತಿದ್ರೋ ಹಾಗೆ ಓದಿ. ಆಮೇಲೆ ಕೇಳಿ.”

ಅವನು ಇಳಿಜಾರಿನಲ್ಲಿ ಹೋದ. ನಾನು ಒಳಗೆ ಹೋದೆ. ಬಾಗಿಲು ಮುಚ್ಚುವ ಪ್ರಾರ್ಥನೆ ಹೇಳಿದೆ, ಕೊಂಬಿನ ಕಹಳೆ ಊದಿದರು, ಎಲ್ಲರೂ ಮನೆಗೆ ಓಡಿದರು. ನನ್ನ ಬಾಗಿಲು ಮಾತ್ರ ನಾನು ಹೊರಗಿದ್ದಾಗಲೇ ಮುಚ್ಚಿತ್ತು. ಆ ರಾತ್ರಿ ನಾಜೀ ಬಡಿಸಿದ ಸಾರು ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಬಹುದಿತ್ತು. ಆದರೆ ಏನೂ ಸೇರಿಸುವುದಿಲ್ಲ ಎಂದಿದ್ದೇನೆ. ಎರಡು ಬಟ್ಟಲು ಕುಡಿದೆ. ಅದಕ್ಕೂ ನಾಚಿಕೆಯಾಯಿತು.

ಒಂದು ಇಡೀ ವರ್ಷ ಕ್ಷಮೆಯಿಲ್ಲದೆ ಬದುಕುವುದು ಹೇಗೆಂದರೆ, ಚಪ್ಪಲಿಯೊಳಗಿನ ಹರಳಿನ ಹಾಗೆ. ನಿಂತರೆ ಇಲ್ಲ, ನಡೆದರೆ ಇದೆ. ಅಝರ್ಯಾ ಮಂದಿರಕ್ಕೆ ಬರುವುದನ್ನು ಬಿಟ್ಟ. ಸಾಬಿಹಾ ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟಳು, ನನ್ನ ಜೊತೆಯೂ ಬಿಟ್ಟಳು. ಒಂದು ಶುಕ್ರವಾರ ಬೆಳಿಗ್ಗೆ ಬಂದು ನನ್ನ ಅಂಗಡಿಯ ಮೇಜಿನ ಮೇಲೆ ಒಂದು ಪಾತ್ರೆ ಇಟ್ಟಳು. ಮಾಂಸ ತುಂಬಿ ಹುಳಿ ಸಾರಿನಲ್ಲಿ ಬೇಯಿಸಿದ ಕುಬ್ಬೆ ಉಂಡೆಗಳು.

“ತಗೊಂಡು ಹೋಗಿ ಅವನಿಗೆ ಕೊಡು,” ಎಂದಳು.

ಅಕ್ಕಾ, ನೀವೇ ಒಂದು ಸಲ ಹೋಗಿಬರಬಹುದಲ್ಲ ಎಂದೆ.

“ಮುಚ್ಚಳ ತೆಗೆದವನು ನೀನು. ಹೊರೋನೂ ನೀನೇ.” ಬಾಗಿಲವರೆಗೆ ಹೋದವಳು ತಿರುಗಿ ನೋಡದೆ ಹೇಳಿದಳು, “ಇಬ್ಬರಿಗೆ ಆಗೋವಷ್ಟಿದೆ.”

ಅಂದಿನಿಂದ ಪ್ರತಿ ಶುಕ್ರವಾರ ಎರಡು ಬಸ್ಸು ಬದಲಿಸಿ, ಬಿಸಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಆಚೆ ತುದಿಗೆ ಹೋದೆ. ಡ್ರೈವರುಗಳಿಗೆ ನನ್ನ ಗುರುತಾಯಿತು. ಅಝರ್ಯಾ ಬಾಗಿಲು ತೆಗೆದು ಪಾತ್ರೆ ತೆಗೆದುಕೊಂಡು, ಕಳೆದ ವಾರದ ಖಾಲಿ ಪಾತ್ರೆ ತೊಳೆದು ಕೊಡುತ್ತಿದ್ದ. ಅಮ್ಮ ಹೇಗಿದ್ದಾಳೆ ಎಂದು ಕೇಳುತ್ತಿದ್ದ. ಒಳಗೆ ಬಾ ಎನ್ನುತ್ತಿರಲಿಲ್ಲ. ಒಮ್ಮೆ ನದಾವ್ ಬಾಗಿಲು ತೆಗೆದ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಅವನಿಗೆ ನನ್ನ ಮೇಲೆ ಸಿಟ್ಟಿರುವುದು ಅವನು ಹೇಳಿದ ಹವಾಮಾನದಲ್ಲೇ ಗೊತ್ತಾಯಿತು.

ಬೇಸಿಗೆ ಬಂತು, ಮೀನಿನ ಮಾತು ಶುರುವಾಯಿತು. ಗವ್ರಿಯೇಲನೂ ಇನ್ನಿಬ್ಬರೂ ಹಖಾಮ್ ಬಳಿ ಹೋಗಿ, ಈ ಸಲ ಮೀನನ್ನು ಬೇರೆಯವರಿಗೆ ಕೊಡುವುದು ಒಳ್ಳೆಯದು, ಜನ ಮಾತಾಡುತ್ತಾರೆ ಎಂದರಂತೆ. ಯಾವ ಜನ ಎಂದು ಹಖಾಮ್ ಕೇಳಿದರಂತೆ. ಮೂವರೂ ಎದ್ದು ಬಂದರಂತೆ. ಹಖಾಮ್ ನನ್ನನ್ನು ಕರೆದು, ಹೆಸರು ಕೂಗುವುದು ಗಬ್ಬಾಯಿಯ ಕೆಲಸ, ಅದರಲ್ಲಿ ತಾನು ತಲೆ ಹಾಕುವುದಿಲ್ಲ ಎಂದರು. ಅದರ ಅರ್ಥ ನನಗಾಯಿತು, ಗವ್ರಿಯೇಲನಿಗೂ ಆಯಿತು.

ನಾನು ಆ ಸಾಲನ್ನು ಅಭ್ಯಾಸ ಮಾಡಿದೆ. ಫ್ರಿಜ್ಜಿಗೆ ಗ್ಯಾಸು ತುಂಬುವಾಗ, ಬಸ್ಸಿನಲ್ಲಿ, ಸ್ನಾನ ಮಾಡುವಾಗ. ಹಿಂದೆ ಎಂದೂ ಅಭ್ಯಾಸ ಬೇಕಾಗಿರದ ಒಂದು ಸಾಲನ್ನು ಏನೂ ಆಗಿಲ್ಲವೆಂಬಂತೆ ಓದುವುದಕ್ಕೆ ಹತ್ತು ತಿಂಗಳು ಹಿಡಿಯಿತು.

ಉಪವಾಸದ ಮಧ್ಯಾಹ್ನ ಬಂತು. ಅವನು ಬರುತ್ತಾನೆಂದು ಹೇಳಿರಲಿಲ್ಲ. ಎರಡನೆಯವನು ಇಳಿದ. ಕೂಗಲು ಬಾಯಿ ತೆರೆದಾಗ ಹಿಂದಿನ ಬಾಗಿಲಲ್ಲಿ ಬಿಳಿ ಬಟ್ಟೆ ಕಂಡಿತು. ಅಪ್ಪನ ಶಾಲು. ಅವನ ಹಿಂದೆ ನದಾವ್, ಕೊನೆಯ ಬೆಂಚಿನಲ್ಲಿ ಜಾಗ ಹುಡುಕುತ್ತ. ಹೆಸರು ಕೂಗಿದೆ. ಮಂದಿರದಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಅಝರ್ಯಾ ಮಂತ್ರ ಹೇಳಿದ. ನಾನು ಕಡ್ಡಿ ಇಟ್ಟು, ಪಕ್ಕಕ್ಕೆ ನೋಡದೆ ಓದಿದೆ. ಸಾಲು ಮುಗಿದು ಮುಂದಿನದು ಬಂತು, ಅದೂ ಮುಗಿಯಿತು. ಒಂಬತ್ತೂ ಮುಗಿದವು. ಯಾರೂ ಮೇಜು ಕುಟ್ಟಲಿಲ್ಲ.

ಆಮೇಲೆ ಅವನು ಮೀನನ್ನು ಹಾಡಿದ, ಎರಡೂ ಭಾಷೆಯಲ್ಲಿ, ಅವಸರವಿಲ್ಲದೆ. ಅಟ್ಟದಲ್ಲಿ ಯಾರೋ ಅತ್ತರು. ಯಾರೆಂದು ನಾನು ನೋಡಲಿಲ್ಲ. ನೋಡದಿರುವುದನ್ನೂ ಆ ವರ್ಷ ಅಭ್ಯಾಸ ಮಾಡಿದ್ದೆ.

ಬಿಡುವಿನಲ್ಲಿ ಅವನು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಹೋಗಿ ಮೂರನೆಯದನ್ನು ಕೇಳಿದೆ.

“ಸರಿಯಾಗಿ ಓದಿದ್ರಿ, ಮಾಮ.”

“ಮತ್ತೆ ಮುಖ ಯಾಕೆ ಹಾಗಿದೆಯೋ?”

“ನೋವಾಯ್ತು. ಪ್ರತಿ ವರ್ಷ ಆಗತ್ತೆ. ಅಪ್ಪನ ತೊಡೆಗೆ ಒರಗಿಕೊಂಡು ಕೂತಾಗಲೂ ಆಗ್ತಿತ್ತು, ಏನು ಅಂತ ಗೊತ್ತಾಗ್ತಿರ್ಲಿಲ್ಲ ಅಷ್ಟೆ. ಆದ್ರೆ ಇದು ನಿಮ್ಮಿಂದ ಬಂದಿದ್ದಲ್ಲ. ನಿಮ್ಮದು ಮುಗೀತು. ಕ್ಷಮಿಸಿದೀನಿ.” ಒಳಗೆ ಸುರುಳಿಯಿಟ್ಟ ಕಪಾಟಿನ ಕಡೆ ಕಣ್ಣು ತೋರಿಸಿದ. “ಉಳಿದಿದ್ದನ್ನ ಅಲ್ಲಿ ಕೇಳ್ತೀನಿ. ಎಲ್ಲಾ ವರ್ಷವೂ ಕೇಳ್ತೀನಿ.”

ಅವನು ಒಳಗೆ ಹೋದ. ನನ್ನ ಭಾರ ಇಳಿದಿತ್ತು, ಕಟ್ಟಳೆಯ ಪ್ರಕಾರ. ನಾನೂ ಹೋಗಬೇಕಿತ್ತು. ಆದರೆ ಅಲ್ಲೇ ಗೋಡೆಗೆ ಒರಗಿ ನಿಂತೆ. ಇಷ್ಟೂ ವರ್ಷ ನಾನು ಆ ಸಾಲನ್ನು ನೆಟ್ಟಗೇ ಓದಿದ್ದೆನಲ್ಲ, ಒಮ್ಮೆಯೂ ತಡವರಿಸದೆ, ಇನ್ನು ಎಂಟು ಸಾಲು ದಾಟಿದರೆ ಮೀನು ಎಂದು ಲೆಕ್ಕ ಹಾಕುತ್ತ. ಆಗ ಬೆಂಚುಗಳಲ್ಲಿ ಯಾರ್ಯಾರು ಕೂತಿದ್ದರು? ಹನನ್ಯಾ ಅವರ ತೊಡೆಗೆ ಒರಗಿದವನೊಬ್ಬನ ಹೆಸರು ಈಗ ಗೊತ್ತಾಯಿತು. ಓಣಿ ಬಿಟ್ಟು ಹೋಗಿ ಮತ್ತೆ ಬಾರದ ಇನ್ನೂ ಇಬ್ಬರು ಮೂವರು ಹುಡುಗರ ಮುಖ ನೆನಪಾಯಿತು. ಅವರು ಯಾಕೆ ಹೋದರೋ ನನಗೆ ತಿಳಿಯದು. ಯಾರಲ್ಲಿ ಕ್ಷಮೆ ಕೇಳಬೇಕು, ಎಷ್ಟು ಸಲ ಕೇಳಬೇಕು, ಅದೂ ತಿಳಿಯದು.

ಒಳಗೆ ಹಖಾಮ್ ಮೇಜು ತಟ್ಟಿದರು. ಬಾಗಿಲು ಹಾಕುವುದು ಗಬ್ಬಾಯಿಯ ಕೆಲಸ. ತಡವಾಗಿ ಯಾರಾದರೂ ಬರಬಹುದೆಂದು ಅದನ್ನು ಹಾಕದೆ ಬಿಟ್ಟು ಒಳಗೆ ಹೋದೆ.